ತೋಫು ಒತ್ತುವ ಮರದ ಪೆಟ್ಟಿಗೆ ಮಾಡಿದ ಬಗೆ

ತೋಫು ಎಂದರೆ ಸೋಯಾಬೀನಿನ ಹಾಲನ್ನು ಒಡೆಸಿ, ಒತ್ತಿ ಮಾಡುವ ಪನೀರಿನಂಥ ಆಹಾರ. ಅದನ್ನು ಮಾಡಲು ಬೇಕಾದ ಸಾಮಾನುಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದು ಒಂದೇ, ಒತ್ತುವ ಪೆಟ್ಟಿಗೆ. ರುಬ್ಬಲು ಮಿಕ್ಸರ್ ಇದೆ, ಸೋಸಲು ಹಳೆಯ ಪಂಚೆ ಇದೆ, ಕಾಯಿಸಲು ದಪ್ಪ ತಳದ ಪಾತ್ರೆ ಇದೆ. ಸೋಯಾಬೀನಿಗಂತೂ ಕೊರತೆಯೇ ಇಲ್ಲ. ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳ ಮುಂಗಾರು ಹೊಲಗಳಲ್ಲಿ ಅದು ಹಸಿರಾಗಿ ನಿಂತಿರುತ್ತದೆ. ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ಎಂಬ ತಳಿಯನ್ನು ಕೊಟ್ಟಿದ್ದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಆದರೆ ಬೆಳೆದ ಕಾಳು ಎಣ್ಣೆ ಗಿರಣಿಯ ದಾರಿ ಹಿಡಿಯುತ್ತದೆ, ಎಣ್ಣೆ ತೆಗೆದ ಹಿಂಡಿ ಕೋಳಿ ಮೇವಾಗುತ್ತದೆ. ಬೆಳೆದವರ ಮನೆಯ ತಟ್ಟೆಯಲ್ಲಿ ಅದನ್ನು ನಾನು ಕಂಡದ್ದು ಅಪರೂಪ. ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಕಾಳು ಇಷ್ಟು ಹತ್ತಿರ ಬೆಳೆದು ಇಷ್ಟು ದೂರ ಉಳಿದಿರುವುದು ನನ್ನ ಮನಸ್ಸಿಗೆ ಒಗ್ಗದ ಸಂಗತಿ. ಪೆಟ್ಟಿಗೆಗೆ ಕೈ ಹಾಕಿದ್ದು ಅದಕ್ಕೇ.

ಇನ್ನೊಂದು ಕಾರಣವೂ ಇದೆ. ಸಸ್ಯಾಹಾರದ ಚರಿತ್ರೆ ಎಂದರೆ ನಾವು ಗುರುಗಳ ಹೆಸರು, ಅರಸರ ಆಜ್ಞೆ, ವ್ರತನಿಯಮಗಳನ್ನೇ ಹೇಳುತ್ತಾ ಹೋಗುತ್ತೇವೆ. ಮಾಂಸ ಬಿಟ್ಟವರ ತಟ್ಟೆಯಲ್ಲಿ ಆ ಜಾಗಕ್ಕೆ ಏನು ಬಂತು, ಅದನ್ನು ಯಾರು ಯಾವ ಸಾಧನದಿಂದ ಮಾಡಿದರು ಎಂದು ಕೇಳುವುದು ಕಡಿಮೆ. ವ್ರತ ನಿಲ್ಲುವುದು ಅಡುಗೆಮನೆಯ ಬಲದಿಂದ ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮಲ್ಲಿ ಹಾಲು, ಮೊಸರು, ಬೇಳೆ ಆ ಭಾರ ಹೊತ್ತವು. ಹಾಲಿನ ಬಳಕೆ ಅಷ್ಟಾಗಿ ಇಲ್ಲದ ಚೀನಾದ ಬಯಲುಗಳಲ್ಲಿ ಅದನ್ನು ಹೊತ್ತದ್ದು ಸೋಯಾಬೀನು ಮತ್ತು ತೂತುಗಳಿರುವ ಒಂದು ಮರದ ಪೆಟ್ಟಿಗೆ.

ಮರದ ಆಯ್ಕೆ

ಜಪಾನಿನಲ್ಲಿ ಇಂಥ ಪೆಟ್ಟಿಗೆಯನ್ನು ಹಿನೋಕಿ ಎಂಬ ಮರದಿಂದ ಮಾಡುತ್ತಾರೆ. ನೀರು ತಡೆಯುವ, ನೇರ ಎಳೆಯ, ತಿಳಿ ಬಣ್ಣದ ಮರ ಅದು. ಇಲ್ಲಿ ಅದಕ್ಕೆ ಸಾಟಿ ಯಾವುದು ಎಂಬುದೇ ಮೊದಲ ಪ್ರಶ್ನೆ.

ಪರಿಚಯದ ಬಡಿಗೇರರು ಕೈಗೆ ಸಿಕ್ಕ ಹೊನ್ನೆಯ ತುಂಡನ್ನು ಮೊದಲೇ ಬದಿಗಿಟ್ಟರು. ಹೊನ್ನೆಯ ಲೋಟದಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಆ ನೀರು ಬಣ್ಣ ತಿರುಗುವುದನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಬಿಸಿ ಸೋಯಾ ನೀರು ಹರಿಯುವ ಪೆಟ್ಟಿಗೆಗೆ ಬಣ್ಣ ಬಿಡುವ ಮರ ಆಗದು. ಅದೇ ಕಾರಣಕ್ಕೆ ಹಲಸನ್ನೂ ಬಿಟ್ಟೆ. ಹಲಸಿನ ಚೇಗನ್ನು ನೀರಿನಲ್ಲಿ ಕುದಿಸಿದರೆ ಹಳದಿ ಬಣ್ಣ ಇಳಿಯುತ್ತದೆ. ಬರ್ಮಾ, ಥಾಯ್ಲೆಂಡ್, ಶ್ರೀಲಂಕಾದ ಭಿಕ್ಷುಗಳ ಚೀವರಕ್ಕೆ ತಲೆಮಾರುಗಳಿಂದ ಆ ಬಣ್ಣವನ್ನೇ ಹಾಕುತ್ತಾ ಬಂದಿದ್ದಾರೆ. ಬಟ್ಟೆಗೆ ಅದು ಚೆಂದ, ತೋಫುವಿಗೆ ಬೇಡ. ತೇಗ ಗಟ್ಟಿ ಮರವಾದರೂ ಅದರ ಎಣ್ಣೆಯ ವಾಸನೆ ಬಿಸಿಗೆ ಎದ್ದು ಬರುತ್ತದೆ.

ಕೊನೆಗೆ ಒಪ್ಪಿದ್ದು ಶಿವನೆ. ಹಗುರ, ಮಾಸಲು ಬಿಳಿ ಬಣ್ಣ, ವಾಸನೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಒದ್ದೆಯಾಗಿ ಒಣಗಿದಾಗ ಬೇರೆ ಮರಗಳಷ್ಟು ಸೊಟ್ಟಗಾಗುವುದಿಲ್ಲ. ಸಾ ಮಿಲ್‌ನಲ್ಲಿ ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ಚೂರುಗಳು ಬಿದ್ದಿರುತ್ತವೆ, ಈ ಕೆಲಸಕ್ಕೆ ಅವೇ ಸಾಕು. ಗಂಟಿಲ್ಲದ, ಚೆನ್ನಾಗಿ ಒಣಗಿದ ತುಂಡನ್ನು ಆರಿಸಬೇಕು. ಪ್ಲೈವುಡ್ ಮತ್ತು ಹಳೆಯ ಪ್ಯಾಕಿಂಗ್ ಮರದ ಕಡೆ ಹೋಗಲೇಬಾರದು; ಅಂಟೂ ಕೀಟನಾಶಕವೂ ಆಹಾರಕ್ಕೆ ಇಳಿಯುವ ಅಪಾಯವಿದೆ.

ಅಳತೆ ಮತ್ತು ಜೋಡಣೆ

ಒಳಗಿನ ಅಳತೆ 12 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಕಾಲು ಕಿಲೋ ಕಾಳಿನ ಹಾಲು ಒಡೆದಾಗ ಬರುವ ಗಷ್ಟಿಗೆ ಇದು ಸರಿಹೊಂದುತ್ತದೆ. ತುಂಬುವಾಗ ಪೆಟ್ಟಿಗೆಯ ಅಂಚಿನವರೆಗೆ ಬರುವ ಗಷ್ಟಿ ಒತ್ತಿದ ಮೇಲೆ ಸುಮಾರು 3 ಸೆಂ.ಮೀ. ದಪ್ಪದ ಹಲಗೆಯಾಗಿ ಇಳಿಯುತ್ತದೆ. ಇನ್ನೂ ದೊಡ್ಡ ಪೆಟ್ಟಿಗೆ ಮಾಡಿದರೆ ಅಷ್ಟೇ ಗಷ್ಟಿ ತೆಳ್ಳಗೆ ಹರಡಿಕೊಂಡು ಮಗುಚುವಾಗ ಮುರಿಯುತ್ತದೆ.

ಹಲಗೆಯನ್ನು 12 ಮಿ.ಮೀ. ದಪ್ಪಕ್ಕೆ ತೋಪಡ ಹೊಡೆದು, ಉದ್ದನೆಯ ಪಕ್ಕೆಗಳನ್ನು 14.4 ಸೆಂ.ಮೀ.ಗೂ ಅಗಲದ ಪಕ್ಕೆಗಳನ್ನು 12.4 ಸೆಂ.ಮೀ.ಗೂ ಕತ್ತರಿಸಿದೆ. ಮೂಲೆಗಳಲ್ಲಿ ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂರುವಂತೆ ಕಚ್ಚು ತೆಗೆದು, ಮೇಲಿನಿಂದ ಕೆಳಕ್ಕೆ ತೂತು ಕೊರೆದು ಬಿದಿರಿನ ಗೂಟ ಬಡಿದದ್ದು. ಅಂಟು ಇಲ್ಲ, ಕಬ್ಬಿಣದ ಮೊಳೆಯೂ ಇಲ್ಲ. ಸೋಯಾ ಹಾಲು ಒಡೆಸಲು ಬಳಸುವ ಮೆಗ್ನೀಶಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪು, ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಮೂಲೆಮಟ್ಟ ಇಟ್ಟು ನಾಲ್ಕೂ ಮೂಲೆ ನೋಡುತ್ತಾ ಗೂಟ ಬಡಿಯಬೇಕು. ಒಂದು ಮೂಲೆ ಓರೆಯಾದರೂ ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ತಳವನ್ನು ಪೆಟ್ಟಿಗೆಗೆ ಸೇರಿಸಬಾರದು. ಇದು ಇಡೀ ರಚನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಜಾಣ್ಮೆ. ಒತ್ತಿದ ತೋಫು ಹಸಿಯಾಗಿರುವಾಗ ಬಹಳ ನಾಜೂಕು. ಪೆಟ್ಟಿಗೆಯನ್ನು ಬುಡಮೇಲು ಮಾಡಿ ಕುಟ್ಟಿದರೆ ಒಡೆಯುತ್ತದೆ. ತಳ ಬೇರೆ ಇದ್ದರೆ ನಾಲ್ಕು ಪಕ್ಕೆಗಳ ಚೌಕಟ್ಟನ್ನು ಮೇಲಕ್ಕೆ ಎತ್ತಿದರೆ ಸಾಕು, ತೋಫು ಕುಳಿತಲ್ಲೇ ಕುಳಿತಿರುತ್ತದೆ. ತಳಕ್ಕೆ 2.8 ಸೆಂ.ಮೀ. ಅಗಲದ ನಾಲ್ಕು ಪಟ್ಟಿಗಳು, ನಡುವೆ 4 ಮಿ.ಮೀ. ಸಂದಿ. ಅವುಗಳ ಅಡಿಯಲ್ಲಿ ಎರಡು ಅಡ್ಡಕಾಲು. ಎದುರುಬದುರು ಮೂಲೆಗಳಲ್ಲಿ ತಳದಿಂದ ಮೇಲೆದ್ದ ಎರಡು ಗೂಟಗಳು ಪಕ್ಕೆಗಳ ಕೆಳ ಅಂಚಿನ ತೂತುಗಳಲ್ಲಿ ಕೂರುತ್ತವೆ, ಹಾಗಾಗಿ ಒತ್ತುವಾಗ ಚೌಕಟ್ಟು ಜರುಗದು.

ಪಕ್ಕೆಗಳಿಗೆ ಬೈರಿಗೆಯಿಂದ 6 ಮಿ.ಮೀ. ತೂತುಗಳನ್ನು ಎರಡು ಸಾಲಾಗಿ ಕೊರೆದಿದ್ದೇನೆ. ಒಳಬದಿಯ ಅಂಚುಗಳನ್ನು ಮರಳು ಕಾಗದದಿಂದ ದುಂಡಗೆ ಮಾಡದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಂಡು ಹರಿಯುತ್ತದೆ.

ಮುಚ್ಚಳದ ಲೆಕ್ಕ ಸೂಕ್ಷ್ಮ. ಮರ ನೀರು ಕುಡಿದಾಗ ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಚೆನ್ನಾಗಿಯೇ ಉಬ್ಬುತ್ತದೆ. ಆದ್ದರಿಂದ ಉದ್ದದಲ್ಲಿ ಒಟ್ಟು 3 ಮಿ.ಮೀ., ಅಗಲದಲ್ಲಿ 5 ಮಿ.ಮೀ. ಸಡಿಲ ಬಿಟ್ಟು 11.7 × 9.5 ಸೆಂ.ಮೀ.ಗೆ ಕತ್ತರಿಸಿದೆ. ಮೇಲಿನ ಹಿಡಿಪಟ್ಟಿಯನ್ನು ಎರಡೂ ತುದಿಗೆ ಬಿಗಿದರೆ ಉಬ್ಬುವ ಹಲಗೆ ಸೀಳುತ್ತದೆ. ನಡುವೆ ಹತ್ತಿರ ಹತ್ತಿರ ಎರಡು ಗೂಟ ಸಾಕು.

ಎಣ್ಣೆ, ವಾರ್ನಿಶ್, ಮೇಣ ಏನನ್ನೂ ಬಳಿದಿಲ್ಲ. ಬರೀ ಮರ. ಮೊದಲು ಬಳಸುವ ಮುನ್ನ ಕುದಿಯುವ ನೀರು ಹೊಯ್ದು ಮುಳುಗಿಸಿಟ್ಟು, ನೀರು ತಿಳಿಯಾಗಿ ಉಳಿಯುವವರೆಗೆ ಬದಲಾಯಿಸುತ್ತಾ ಹೋಗಬೇಕು. ಶಿವನೆ ಆರಂಭದಲ್ಲಿ ತುಸು ಹಳದಿ ಬಿಟ್ಟಿತು, ಬೇಗ ನಿಂತಿತು.

ಮರಗೆಲಸ ಆಗದವರು ಚೌಕನೆಯ ಸ್ಟೀಲ್ ಡಬ್ಬಿಯೊಂದಕ್ಕೆ ತೂತು ಹೊಡೆಸಿಕೊಂಡರೂ ತೋಫು ಆಗುತ್ತದೆ. ಮರದ ಪೆಟ್ಟಿಗೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಷ್ಟಿ ಚೆನ್ನಾಗಿ ಬೆಸೆಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆಜ್ಞೆ ಬಂತು, ಊಟ ಎಲ್ಲಿ?

ಬೌದ್ಧ ಭಿಕ್ಷುಗಳೆಲ್ಲ ಮೊದಲಿನಿಂದಲೂ ಸಸ್ಯಾಹಾರಿಗಳು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಿನಯ ಎಂಬ ಹಳೆಯ ಸಂಘನಿಯಮದ ಪ್ರಕಾರ ಭಿಕ್ಷೆಗೆ ಬಿದ್ದ ಮಾಂಸವನ್ನು ತಿನ್ನಬಹುದಿತ್ತು. ತನಗಾಗಿಯೇ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಆ ಸಂಶಯವೂ ಇರಬಾರದು ಎಂಬುದು ಷರತ್ತು. ಚೀನಾದಲ್ಲಿ ಇದನ್ನು ಬಿಗಿಗೊಳಿಸಿದವನು ಲಿಯಾಂಗ್ ವಂಶದ ಸಾಮ್ರಾಟ ವೂ. 502ರಿಂದ 549ರವರೆಗೆ ಆಳಿದ ಅವನು ಭಿಕ್ಷು ಭಿಕ್ಷುಣಿಯರಿಗೆ ಮಾಂಸ, ಮದ್ಯ ಎರಡನ್ನೂ ನಿಷೇಧಿಸಿದ. 517ರಲ್ಲಿ ಅರಮನೆಯ ಪಿತೃಪೂಜೆಯಲ್ಲೂ ಪ್ರಾಣಿಬಲಿ ನಿಲ್ಲಿಸಿ ಹಿಟ್ಟಿನ ಪ್ರಾಣಿಗಳನ್ನು ಇಡಿಸಿದ.

ಇಲ್ಲಿ ಕನ್ನಡಿಗರಿಗೆ ಜನ್ನನ ನೆನಪು ಬರದೆ ಇರದು. 1209ರ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ, ಏಕೆಂದರೆ ಕೊಲ್ಲುವ ಸಂಕಲ್ಪವೇ ಹಿಂಸೆ. ಅದೇ 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಯಜ್ಞಕ್ಕೆ ಪಿಷ್ಟಪಶು, ಅಂದರೆ ಹಿಟ್ಟಿನ ಪಶು, ಸಾಕು ಎಂದರು. ಒಂದೇ ಹಿಟ್ಟಿನ ಮುದ್ದೆ ಒಬ್ಬರಿಗೆ ಪಾಪ, ಇನ್ನೊಬ್ಬರಿಗೆ ಪರಿಹಾರ. ಅಹಿಂಸೆಯ ಬಗ್ಗೆ ನಮ್ಮ ನೆಲದಲ್ಲಿ ನಡೆದ ವಾದಗಳು ಎಷ್ಟು ಆಳದವು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಮತ್ತೆ ಚೀನಾಕ್ಕೆ. ತೋಫುವನ್ನು ಕ್ರಿಸ್ತಪೂರ್ವ 2ನೇ ಶತಮಾನದ ಹುವಾಯ್‌ನಾನ್ ದೊರೆ ಲಿಯು ಆನ್ ಕಂಡುಹಿಡಿದನೆಂದು ಐತಿಹ್ಯ. ಬರಹದಲ್ಲಿ ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 10ನೇ ಶತಮಾನದಲ್ಲಿ, ತಾವ್ ಗೂ ಎಂಬಾತನ ಟಿಪ್ಪಣಿಗಳಲ್ಲಿ. ಚಿಂಗ್‌ಯಾಂಗ್ ಎಂಬ ಊರಿನ ಉಪ ಅಧಿಕಾರಿಯೊಬ್ಬ ಮಾಂಸದ ಖರ್ಚಿಲ್ಲದೆ ದಿನವೂ ಪೇಟೆಯಿಂದ ನಾಲ್ಕಾರು ತುಂಡು ತೋಫು ತರಿಸುತ್ತಿದ್ದ. ಊರವರು ಅದಕ್ಕೆ ‘ಉಪ ಅಧಿಕಾರಿಯ ಕುರಿ’ ಎಂದು ಹೆಸರಿಟ್ಟರು. ಕುರಿಯ ಜಾಗದಲ್ಲಿ ತೋಫು ಕೂರಬಲ್ಲದು ಎಂದು ಜನ ಆಗಲೇ ಒಪ್ಪಿದ್ದರು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನ ಕಥೆಯನ್ನು ಇದರ ಪಕ್ಕದಲ್ಲಿಡಬೇಕು. 16ನೇ ವಯಸ್ಸಿನಲ್ಲಿ ಸಸ್ಯಾಹಾರದ ಪ್ರತಿಪಾದಕ ಥಾಮಸ್ ಟ್ರೈಯನ್‌ನ ಬರಹ ಓದಿ ಮಾಂಸ ಬಿಟ್ಟ ಹುಡುಗ ಅವನು. 1723ರಲ್ಲಿ ಬೋಸ್ಟನ್ನಿನಿಂದ ಹಡಗಿನಲ್ಲಿ ಹೊರಟಾಗ ಬಾಣಲೆಯಲ್ಲಿ ಹುರಿಯುತ್ತಿದ್ದ ಕಾಡ್ ಮೀನಿನ ಪರಿಮಳಕ್ಕೆ ಮನಸೋತ. ದೊಡ್ಡ ಮೀನಿನ ಹೊಟ್ಟೆಯಲ್ಲಿ ಚಿಕ್ಕ ಮೀನುಗಳನ್ನು ಕಂಡು, ನೀವು ಒಬ್ಬರನ್ನೊಬ್ಬರು ತಿನ್ನುವುದಾದರೆ ನಾನೇಕೆ ನಿಮ್ಮನ್ನು ತಿನ್ನಬಾರದು ಎಂದು ವಾದ ಹೂಡಿ ವ್ರತ ಮುರಿದುದನ್ನು ತಾನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ಫ್ರಾಂಕ್ಲಿನ್ 1770ರ ಜನವರಿಯಲ್ಲಿ ಲಂಡನ್ನಿನಿಂದ ಗೆಳೆಯ ಜಾನ್ ಬಾರ್ಟ್ರಮ್‌ಗೆ ಕಾಳುಗಳನ್ನು ಕಳಿಸಿ, ಚೀನೀಯರು ಇದರಿಂದ ಚೀಸ್ ಮಾಡುತ್ತಾರಂತೆ, ಹಿಟ್ಟು ಕದಡಿದ ನೀರಿಗೆ ಯಾವುದೋ ಉಪ್ಪು ಹಾಕಿ ಒಡೆಸುತ್ತಾರಂತೆ ಎಂದು ಕುತೂಹಲದಿಂದ ಬರೆದ. ಹಡಗಿನ ಬಾಣಲೆಯಲ್ಲಿ ಅಂದು ತೋಫು ಇದ್ದಿದ್ದರೆ ಏನಾಗುತ್ತಿತ್ತೋ! ಆ ಹುಡುಗನ ಬಳಿ ವ್ರತವಿತ್ತು, ಬಾಣಲೆಗೆ ಹಾಕಲು ಏನೂ ಇರಲಿಲ್ಲ.

ಗಾಂಧೀಜಿಗೂ ಈ ಕಾಳು ಗೊತ್ತಿತ್ತು. 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಸೋಯಾಬೀನನ್ನು ಊಟಕ್ಕೆ ಸೇರಿಸಿ ನೋಡಿ ‘ಹರಿಜನ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಅಂದಿನಿಂದ ಇಂದಿನವರೆಗೆ ನಮ್ಮ ದೇಶದಲ್ಲಿ ಅದು ಪೌಷ್ಟಿಕತೆಯ ಉಪದೇಶವಾಗಿಯೇ ಉಳಿದಿದೆ, ರುಚಿಯಾಗಿ ಮನೆಗೆ ಬಂದಿಲ್ಲ.

ಹಾಲು ತೆಗೆಯುವುದು

250 ಗ್ರಾಂ ಕಾಳನ್ನು ಬೇಸಿಗೆಯಲ್ಲಿ 8 ಗಂಟೆ, ಚಳಿಗಾಲದಲ್ಲಿ 12 ಗಂಟೆ ನೆನೆಸಬೇಕು. ಹದ ನೋಡುವುದು ಹೀಗೆ: ಒಂದು ಕಾಳನ್ನು ಬೆರಳಿನಲ್ಲಿ ಒತ್ತಿ ಎರಡು ಹೋಳು ಮಾಡಿ. ಒಳಮೈ ಸಪಾಟಾಗಿದ್ದು ಬಣ್ಣ ಒಂದೇ ಸಮ ಇದ್ದರೆ ನೆನೆದಿದೆ. ನಡುವೆ ತಗ್ಗೂ ಗಾಢ ಹಳದಿಯೂ ಕಂಡರೆ ಇನ್ನೂ ಹೊತ್ತು ಬೇಕು.

ಸೋಯಾದ ಹಸಿ ವಾಸನೆಯೇ ನಮ್ಮವರನ್ನು ದೂರವಿಟ್ಟಿರುವುದು. ಅದು ಕಾಳಿನಲ್ಲೇ ಇರುವ ವಾಸನೆಯಲ್ಲ. ರುಬ್ಬಿದ ಕ್ಷಣ ಕಾಳಿನ ಕೊಬ್ಬಿಗೆ ಗಾಳಿ ತಾಗಿ, ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಅದನ್ನು ಹುಟ್ಟಿಸುತ್ತದೆ. 80 ಡಿಗ್ರಿ ದಾಟಿದ ಬಿಸಿಗೆ ಕಿಣ್ವ ಸಾಯುತ್ತದೆ. ಆದ್ದರಿಂದ ನೆನೆಸಿದ ನೀರು ಚೆಲ್ಲಿ, ಮುಕ್ಕಾಲು ಲೀಟರ್ ಕುದಿನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಸ್ಟೀಲ್ ಜಾರಿನಲ್ಲಿ ರುಬ್ಬುತ್ತೇನೆ. ಬಿಸಿ ನೀರಿಗೆ ಜಾರಿನ ಮುಚ್ಚಳ ಹಾರುವುದುಂಟು, ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮೇಲೆ ಮಡಿಸಿದ ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು.

ರುಬ್ಬಿದ್ದನ್ನು ಇನ್ನೊಂದು ಲೀಟರಿಗೂ ತುಸು ಹೆಚ್ಚು ಕುದಿನೀರಿರುವ ಪಾತ್ರೆಗೆ ಹೊಯ್ಯಬೇಕು. ಪಾತ್ರೆ 5 ಲೀಟರಿನದಾದರೂ ಇರಲಿ. ಸೋಯಾದಲ್ಲಿರುವ ಸಪೋನಿನ್ ಅಂಶ ಕುದಿ ಬರುವ ಮೊದಲೇ ನೊರೆಯೆಬ್ಬಿಸಿ ಉಕ್ಕಿಸುತ್ತದೆ. ನೊರೆ ಎದ್ದದ್ದನ್ನೇ ಕುದಿ ಎಂದುಕೊಂಡು ಒಲೆ ಆರಿಸಿದರೆ ಹಾಲು ಹಸಿಯಾಗಿಯೇ ಉಳಿಯುತ್ತದೆ. ನಾಲ್ಕು ಹನಿ ಎಣ್ಣೆ ಹಾಕಿ ನೊರೆ ತಗ್ಗಿಸಿ, ತಳ ಹಿಡಿಯದಂತೆ ಮರದ ಸೌಟಿನಿಂದ ಕೆದಕುತ್ತಾ ನಿಜವಾದ ಕುದಿ ಬಂದ ಮೇಲೆ 10 ನಿಮಿಷ ಸಣ್ಣ ಉರಿಯಲ್ಲಿ ಬಿಡಬೇಕು. ಪ್ರೋಟೀನ್ ಜೀರ್ಣವಾಗಲು ಅಡ್ಡಿಪಡಿಸುವ ಟ್ರಿಪ್ಸಿನ್ ತಡೆಕಗಳನ್ನು ಅಡಗಿಸಲು ಈ ಹೊತ್ತು ಬೇಕೇ ಬೇಕು.

ಪಂಚೆಯಲ್ಲಿ ಸೋಸಿ, ಗಂಟು ಕಟ್ಟಿ, ಸೌಟಿನಿಂದ ಒತ್ತಿ ಹಿಂಡಿದರೆ ಕೆನೆ ಬಣ್ಣದ ಹಾಲು ಇಳಿಯುತ್ತದೆ. ಉಳಿದ ಗಸಿಯನ್ನು ಜಪಾನೀಯರು ಒಕಾರಾ ಎನ್ನುತ್ತಾರೆ. ಬೆಂದ ಗಸಿಯಾದ್ದರಿಂದ ಹಾಗೆಯೇ ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಬಹುದು, ಕಡಲೆಬೇಳೆ ವಡೆಗೂ ಸೇರಿಸಬಹುದು. ವಡೆ ನನಗೆ ಹೆಚ್ಚು ಹಿಡಿಸಿತು, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುತ್ತದೆ.

ಒಡೆಸುವ ಹೊತ್ತು

ಇಡೀ ಕೆಲಸದ ಜೀವ ಇಲ್ಲಿದೆ. ಪನೀರಿಗೆ ನಾವು ಹುಳಿ ಹಿಂಡುತ್ತೇವೆ. ತೋಫುವಿಗೂ ನಿಂಬೆರಸ ನಡೆಯುತ್ತದೆ, ಆದರೆ ಗಷ್ಟಿ ಪುಡಿಪುಡಿಯಾಗಿ ಹುಳಿ ಉಳಿಯುತ್ತದೆ. ಜಪಾನಿನಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ದ್ರವವನ್ನು ಬಳಸುತ್ತಾ ಬಂದರು. ಅದರ ಮುಖ್ಯ ಅಂಶ ಮೆಗ್ನೀಶಿಯಂ ಕ್ಲೋರೈಡ್. ಚೀನಾದ ಹಲವೆಡೆ ಜಿಪ್ಸಮ್ ಬಳಸುತ್ತಾರೆ. ಎರಡರಲ್ಲಿ ಯಾವುದನ್ನು ಕೊಂಡರೂ ಆಹಾರ ದರ್ಜೆಯದೇ ಆಗಬೇಕು, ಹಾರ್ಡ್‌ವೇರ್ ಅಂಗಡಿಯ ಜಿಪ್ಸಮ್ ಪುಡಿ ಖಂಡಿತ ಬೇಡ.

6 ಗ್ರಾಂ ಮೆಗ್ನೀಶಿಯಂ ಕ್ಲೋರೈಡನ್ನು ಒಂದು ಲೋಟ ನೀರಿನಲ್ಲಿ ಕರಗಿಸಿಕೊಂಡೆ. ಹಾಲು 80 ಡಿಗ್ರಿಯಲ್ಲಿದ್ದಾಗ ಒಲೆಯಿಂದ ಇಳಿಸಿ, ಸೌಟಿನಿಂದ ಒಂದು ಸುತ್ತು ತಿರುಗಿಸಿ, ತಿರುಗುವ ಹಾಲಿಗೆ ಅರ್ಧ ಲೋಟ ಹೊಯ್ದು, ಕೂಡಲೇ ಸೌಟನ್ನು ಪಾತ್ರೆಯ ನಡುವೆ ನೆಟ್ಟಗೆ ಹಿಡಿದು ಸುಳಿಯನ್ನು ನಿಲ್ಲಿಸಬೇಕು. ಹಾಲು ನಿಂತ ಮೇಲೆ ಉಳಿದುದರಲ್ಲಿ ಅರ್ಧವನ್ನು ಮೇಲೆ ಚಿಮುಕಿಸಿ ಮುಚ್ಚಿಡಬೇಕು. ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದಾಗ ಮೇಲ್ಮೈಯಲ್ಲಿ ಮೋಡದಂಥ ಗಷ್ಟಿ, ಅದರ ಸಂದುಗಳಲ್ಲಿ ಇನ್ನೂ ಬೆಳ್ಳಗಿನ ನೀರು. ಆ ಬಿಳಿ ಕಂಡ ಜಾಗಕ್ಕೆ ಮಾತ್ರ ಚಮಚದಲ್ಲಿ ಕೊನೆಯ ಪಾಲನ್ನು ಬಿಟ್ಟೆ. ನೋಡನೋಡುತ್ತಿದ್ದಂತೆ ಬಿಳಿ ಸರಿದು, ತಿಳಿಯಾದ ಹೊಂಬಣ್ಣದ ನೀರು ಮೇಲೆ ಬಂತು. ಗಷ್ಟಿ ದೊಡ್ಡ ದೊಡ್ಡ ಹೆರೆಗಳಾಗಿ ಕೆಳಗೆ ನಿಂತಿತು. ನೀರು ತಿಳಿಯಾದರೆ ಉಪ್ಪು ಸಾಕು. ಅದರ ಮೇಲೆ ಇನ್ನೊಂದು ಹನಿ ಹಾಕಿದರೂ ತೋಫು ಕಹಿಯಾಗಿ ಬಿರುಸಾಗುತ್ತದೆ.

ಪೆಟ್ಟಿಗೆಯನ್ನು ಬಿಸಿ ನೀರಿನಲ್ಲಿ ತೋಯಿಸಿ, ಒದ್ದೆ ಮಲ್ ಬಟ್ಟೆಯನ್ನು ಮೂಲೆಗಳಿಗೆ ತಾಗುವಂತೆ ಹಾಸಿ, ಗಷ್ಟಿಯನ್ನು ಕದಡದೆ ಸೌಟಿನಲ್ಲಿ ಮೆಲ್ಲಗೆ ತುಂಬಬೇಕು. ಬಟ್ಟೆಯ ಅಂಚುಗಳನ್ನು ಸುಕ್ಕಿಲ್ಲದಂತೆ ಮೇಲೆ ಮಡಿಸಿ, ಮುಚ್ಚಳ ಇಡಬೇಕು. ಸುಕ್ಕಿದ್ದರೆ ಅದರ ಗೆರೆ ತೋಫುವಿನ ಮೇಲೆ ಹಾಗೇ ಮೂಡುತ್ತದೆ. ಭಾರಕ್ಕೆ ನೀರು ತುಂಬಿದ ಡಬ್ಬಿಗಳೇ ಒಳ್ಳೆಯವು, ಒಂದು ಲೀಟರಿಗೆ ಒಂದು ಕಿಲೋ ಎಂದು ಲೆಕ್ಕ ಸಿಗುತ್ತದೆ. ಮೊದಲ ಐದು ನಿಮಿಷ 1 ಕಿಲೋ, ಆಮೇಲೆ 20 ನಿಮಿಷ 3 ಕಿಲೋ. ಒಮ್ಮೆಲೇ ಭಾರ ಹೇರಿದರೆ ಹೊರಪದರ ಬಿಗಿದುಕೊಂಡು ಒಳಗಿನ ನೀರು ಸಿಕ್ಕಿಬೀಳುತ್ತದೆ.

ಚೌಕಟ್ಟು ಎತ್ತಿ, ಬಟ್ಟೆ ಸಮೇತ ತಣ್ಣೀರಿನ ಬೋಗುಣಿಗೆ ಇಳಿಸಿ, ನೀರಿನೊಳಗೇ ಬಟ್ಟೆ ಬಿಡಿಸಬೇಕು. ಸಿಕ್ಕ ತೋಫು 400 ಗ್ರಾಂ ಆಸುಪಾಸು. ತುದಿಯ ಒಂದು ತುಂಡನ್ನು ಬಿಸಿಯಾಗಿದ್ದಾಗಲೇ ಉಪ್ಪಿಲ್ಲದೆ ತಿಂದು ನೋಡಿ. ಸಿಹಿ ಇದೆ, ಹಸಿ ವಾಸನೆ ಇಲ್ಲ. ಅಂಗಡಿಯ ಪೊಟ್ಟಣದಲ್ಲಿ ಬರುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಠದ ಸಾರು

ಮೊದಲ ತೋಫುವಿಗೆ ತಕ್ಕ ಅಡುಗೆ ಎಂದು ನಾನು ಆರಿಸಿದ್ದು ಜಪಾನಿನ ಕೆಂಚಿನ್ ಸಾರು. 1253ರಲ್ಲಿ ಕಾಮಾಕುರಾದಲ್ಲಿ ಸ್ಥಾಪನೆಯಾದ ಕೆಂಚೋಜಿ ಎಂಬ ಝೆನ್ ಬೌದ್ಧ ಮಠದಿಂದ ಅದು ಬಂತೆಂದು ಹೇಳುತ್ತಾರೆ. ತೋಫುವನ್ನು ಕೈಯಲ್ಲೇ ಒರಟಾಗಿ ಮುರಿದು ಎಳ್ಳೆಣ್ಣೆಯಲ್ಲಿ ಹುರಿದು, ಮೂಲಂಗಿ, ಗಜ್ಜರಿ, ಕೆಸುವಿನ ಗೆಡ್ಡೆಗಳನ್ನು ಹಾಕಿ, ಕಡಲ ಪಾಚಿ ಮತ್ತು ಒಣ ಅಣಬೆ ನೆನೆಸಿದ ನೀರಿನಲ್ಲಿ ಬೇಯಿಸಿ, ಸೋಯಾ ಸಾಸ್ ಸೇರಿಸುವುದು. ಪಾಚಿ ನನಗೆ ಸಿಗಲಿಲ್ಲ, ಅಣಬೆಯ ನೀರೊಂದರಲ್ಲೇ ಮಾಡಿದೆ. ಕೆಸು ಅವರದೂ ನಮ್ಮದೂ ಒಂದೇ ಗಿಡ, ಎಳ್ಳೆಣ್ಣೆಯೂ ಹೊಸತಲ್ಲ. ಆ ಸಾರಿನಲ್ಲಿ ನನಗೆ ಪರಕೀಯ ಎನ್ನಿಸಿದ್ದು ಏನೂ ಇರಲಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂಬುದನ್ನು ಗಮನಿಸಿರಬಹುದು. ಚೀನೀ ಬೌದ್ಧರು ಪಾಲಿಸುವ ಬ್ರಹ್ಮಜಾಲ ಸೂತ್ರ ಐದು ಘಾಟು ವಸ್ತುಗಳನ್ನು ನಿಷೇಧಿಸುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವುಗಳ ಜೊತೆಗೆ ಇಂಗನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಮಠಗಳ ಅಡುಗೆಯಲ್ಲಿ ಬೆಳ್ಳುಳ್ಳಿಯ ಜಾಗ ತುಂಬುವುದೇ ಇಂಗು! ಇಂಗಿಲ್ಲದ ಉಡುಪಿ ಸಾರನ್ನು ಊಹಿಸಲೂ ಆಗದು. ಹಾಗಾಗಿ ಈ ಸಾರಿಗೆ ಒಗ್ಗರಣೆ ಹಾಕಲು ಕೈ ಮುಂದಾದರೂ ಅವರ ಪದ್ಧತಿಯನ್ನೇ ಉಳಿಸಿಕೊಂಡೆ.

ಝೆನ್ ಗುರು ದೋಗೆನ್ 1237ರಲ್ಲಿ ಮಠದ ಮುಖ್ಯ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದ. ಅದರಲ್ಲಿ ತಾನು 1223ರಲ್ಲಿ ಚೀನಾದ ಬಂದರಿನಲ್ಲಿ ಹಡಗಿನಲ್ಲಿದ್ದಾಗ ಕಂಡ ಒಬ್ಬ ವೃದ್ಧನ ಪ್ರಸಂಗ ಹೇಳುತ್ತಾನೆ. ದೂರದ ಮಠದ ಅಡುಗೆಯವನಾದ ಆ 61ರ ಮುದುಕ ಮರುದಿನದ ಊಟಕ್ಕೆ ಅಣಬೆ ಕೊಳ್ಳಲು ನಡೆದು ಬಂದಿದ್ದ. ರಾತ್ರಿ ಉಳಿಯಿರಿ, ಅಡುಗೆಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ಈ ವಯಸ್ಸಿನಲ್ಲಿ ಧ್ಯಾನ ಮಾಡಬಾರದೇ ಎಂದು ದೋಗೆನ್ ಕೇಳಿದರೆ, ನಿಮಗೆ ಸಾಧನೆ ಎಂದರೇನೆಂದು ಇನ್ನೂ ತಿಳಿದಿಲ್ಲ ಎಂದು ನಕ್ಕು ಹೊರಟುಹೋದ. ಸಸ್ಯಾಹಾರವನ್ನು ಶತಮಾನಗಳ ಕಾಲ ಹೊತ್ತು ತಂದವರು ಇಂಥವರು. ಆಜ್ಞೆಯ ಶಾಸನಗಳಲ್ಲಿ ಅವರ ಹೆಸರಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಬಳಕೆಯ ನಂತರ

ಪೆಟ್ಟಿಗೆಯನ್ನು ಸೋಪು ಹಾಕದೆ ಬಿಸಿ ನೀರು ಮತ್ತು ತೆಂಗಿನ ನಾರಿನಿಂದ ಉಜ್ಜಿ, ತಳ ಬೇರೆ ಮಾಡಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಹಲ್ಲುಗಳ ಸಂದು ಬಿಡುತ್ತದೆ. ಮಳೆಗಾಲದಲ್ಲಿ ತಳದ ಪಟ್ಟಿಗಳ ನಡುವೆ ಬೂಷ್ಟು ಬರುವ ಸಂಭವ ಹೆಚ್ಚು, ಮುಂದಿನ ಬಾರಿ ತೋಯಿಸುವಾಗ ಕುದಿನೀರನ್ನೇ ಬಳಸಬೇಕು. ಕೆಲವು ಸಲ ಬಳಸಿದ ಮೇಲೆ ಮುಚ್ಚಳದ ಒಂದು ಅಂಚು ಉಜ್ಜುತ್ತಿತ್ತು, ಅಲ್ಲಿಂದ ಕೂದಲೆಳೆಯಷ್ಟು ತೋಪಡ ಹೊಡೆದ ಮೇಲೆ ಸರಾಗವಾಗಿದೆ.

ತೋಫುವನ್ನು ನೀರಿನಲ್ಲಿ ಮುಳುಗಿಸಿ, ನೀರನ್ನು ದಿನವೂ ಬದಲಾಯಿಸಿದರೆ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ಹೆಚ್ಚು ಉಳಿದರೆ ಫ್ರೀಜರ್‌ಗೆ ಹಾಕಿ. ಜಪಾನಿನ ಕೋಯಾ ಬೆಟ್ಟದ ಮಠಗಳ ಹೆಸರಿನಲ್ಲಿ ಪ್ರಸಿದ್ಧವಾದ ಒಣ ತೋಫುವಿನ ಮೂಲ ಇದೇ, ಚಳಿಗಾಲದ ರಾತ್ರಿ ಹೊರಗಿಟ್ಟು ಹೆಪ್ಪುಗಟ್ಟಿಸಿದ್ದು. ಒಳಗಿನ ನೀರು ಮಂಜುಗಡ್ಡೆಯಾಗಿ ಸಾವಿರಾರು ರಂಧ್ರಗಳನ್ನು ಮಾಡುತ್ತದೆ. ಕರಗಿಸಿ ಎರಡು ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ಕುದಿಯುವ ಬೇಳೆ ಸಾರಿಗೆ ಹಾಕಿದರೆ ಹುಣಸೆ, ಬೆಲ್ಲ, ಖಾರ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಕರಗಿಸುವ ಮುನ್ನ ಅದು ಗಾಢ ಹಳದಿಗೆ ತಿರುಗಿದ್ದನ್ನು ಕಂಡು ಕೆಟ್ಟಿತೆಂದು ಎಸೆಯಬೇಡಿ, ಕರಗಿದಾಗ ಮತ್ತೆ ತಿಳಿಯಾಗುತ್ತದೆ.